ಅಳಿಸಿದ ಚುಕ್ಕೆಗಳು

ಒಂಬತ್ತನೆಯ ತರಗತಿಗೆ ಸಂಖ್ಯಾಶಾಸ್ತ್ರದ ಪಾಠ ಶುರು ಮಾಡುವ ದಿನ ನನಗೆ ಬೆಳಗ್ಗೆಯಿಂದಲೇ ಹೆದರಿಕೆ ಇರುತ್ತದೆ. ಇಷ್ಟು ವರ್ಷ ಗಣಿತ ಕಲಿಸಿದವಳಿಗೆ ಸರಾಸರಿಯಲ್ಲಾಗಲಿ ಸ್ತಂಭಾಲೇಖದಲ್ಲಾಗಲಿ ಹೆದರುವಂಥದ್ದೇನಿಲ್ಲ. ನಾನು ಹೆದರುವುದು ಮಕ್ಕಳು ಗ್ರಾಫ್ ಹಾಳೆಯ ಮೇಲೆ ಇಡುವ ಚುಕ್ಕೆಗಳಿಗೆ. ಯಾಕೆಂದು ಹೇಳಬೇಕಾದರೆ ತೆಲುಗು ಸೀಮೆಯ ಗಡಿಯಲ್ಲಿ, ಝರಾಸಂಗಂ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನಿದ್ದ ಕಾಲಕ್ಕೆ ಹೋಗಬೇಕು.

ನಾನು ಹುಟ್ಟಿ ಬೆಳೆದದ್ದು ತಾಂಡೂರಿನಲ್ಲಿ. ಅಪ್ಪ ಅಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಕೊಟ್ಟದ್ದು ನಾರಾಯಣಖೇಡಕ್ಕೆ. ಗಂಡನಿಗೆ ಅಲ್ಲಿಯೇ ಕಚೇರಿಯ ನೌಕರಿ, ನನಗೆ ಶಾಲೆ ಸಿಕ್ಕಿದ್ದು ಆ ಹಳ್ಳಿಯಲ್ಲಿ. ಹಾಗಾಗಿ ಜಹೀರಾಬಾದಿನಲ್ಲಿ ಒಂದು ಬಾಡಿಗೆ ಮನೆ ಹಿಡಿದು, ದಿನಾ ಬಸ್ಸಿನಲ್ಲಿ ಹಳ್ಳಿಗೆ ಹೋಗಿ ಬರುತ್ತಿದ್ದೆ. ರವಿವಾರ ಬಂತೆಂದರೆ ಗಂಡನಿದ್ದ ಖೇಡಿಗೆ. ಶಾಲೆಯ ಪುಸ್ತಕ ಇಂಗ್ಲಿಷಿನದು, ಹಾಜರಿ ಪುಸ್ತಕ ತೆಲುಗಿನದು, ಮಕ್ಕಳ ಮನೆಮಾತು ಕನ್ನಡ. ಪಾಠ ತಲೆಗೆ ಹತ್ತದಿದ್ದಾಗ ಅವರೇ ಕೇಳುತ್ತಿದ್ದರು, "ನಮ್ಮ ಮಾತ್ನಾಗ ಒಂದ್ಸಲ ಹೇಳ್ರಿ ಟೀಚರ್."

ಆ ವರ್ಷ ಸಂಖ್ಯಾಶಾಸ್ತ್ರ ಅವರ ಮಾತಿನಲ್ಲಿ ಹೇಳಿದರೂ ತಲೆಗೆ ಹತ್ತಲಿಲ್ಲ. ಸರಾಸರಿ ತೆಗೆಯುವುದು ಬರುತ್ತಿತ್ತು, ಕೂಡಿಸಿ ಭಾಗಿಸುತ್ತಿದ್ದರು. ಬಂದ ಉತ್ತರ ಏನು ಹೇಳುತ್ತದೆ ಎಂದರೆ ಮುಖ ಮುಖ ನೋಡುತ್ತಿದ್ದರು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ವರಾಂಡದಲ್ಲಿ ನಿಂತಿದ್ದಾಗ ನೆಲ ಕಣ್ಣಿಗೆ ಬಿತ್ತು. ಹಾಸಿದ್ದು ನಮ್ಮೂರ ಕಡೆಯ ಫರ್ಸಿ ಕಲ್ಲು. ಒಂದೇ ಅಳತೆಯ ಚೌಕ, ಸಾಲು ಹಿಡಿದು ಕೂರಿಸಿದ್ದರು. ಬಿಳಿ ಸೀಮೆಸುಣ್ಣ ತಂದು ಎರಡು ಗೆರೆ ಎಳೆದೆ, ಒಂದು ಗೋಡೆಯ ಬುಡದಲ್ಲಿ, ಇನ್ನೊಂದು ಕಂಬದ ಬಳಿಯಿಂದ. ಗೋಡೆಯ ಬುಡದ ಚೌಕಗಳಲ್ಲಿ ಐದು, ಹತ್ತು, ಹದಿನೈದು ಎಂದು ನಿಮಿಷ ಬರೆದು, ಮನೆಯಿಂದ ಶಾಲೆಗೆ ಬರಲು ಯಾರಿಗೆ ಎಷ್ಟು ನಿಮಿಷ ಬೇಕೋ ಆ ಚೌಕದಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲಿ ಎಂದೆ. ನಡುವಿನ ಸಾಲು ಉದ್ದವಾಯಿತು, ಎರಡು ಕಡೆ ಗಿಡ್ಡವಾದವು. ತುದಿಯಲ್ಲಿ ಒಬ್ಬಳೇ ನಿಂತಳು. ಅವಳ ಮನೆ ಹೊಲದಲ್ಲಿತ್ತು, ಊರಿಂದ ಎಲ್ಲರಿಗಿಂತ ದೂರ.

"ನಾ ಒಬ್ಬಾಕಿನೇ ಇಲ್ಲಿ ಯಾಕ್ರಿ?" ಎಂದು ಅವಳು ನಕ್ಕಳು.

ಉಳಿದವರಿಗೆ ಆಲೇಖ ಎಂದರೇನು ಎಂಬುದು ಆ ಕ್ಷಣಕ್ಕೆ ತಿಳಿಯಿತು. ನನಗೂ ಅಂಥ ಖುಷಿ ಬಹಳ ದಿನಗಳಿಂದ ಆಗಿರಲಿಲ್ಲ.

ಆ ಹುಡುಗಿಯ ಬಗ್ಗೆಯೇ ನಾನು ಹೇಳಬೇಕಾಗಿರುವುದು. ಹದಿನಾಲ್ಕು ವರ್ಷ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಮುತ್ತಿನಂಥ ಅಂಕಿ. ಹೇಳಿದ್ದನ್ನು ಒಂದು ಸಲಕ್ಕೇ ಮಾಡುವವಳು. ತಂದೆ ತಾಯಿ ಬೇರೆಯವರ ಹೊಲದಲ್ಲಿದ್ದುಕೊಂಡು ಶುಂಠಿ, ಕಬ್ಬು ನೋಡಿಕೊಳ್ಳುತ್ತಿದ್ದರು.

ಕಾಲ ಕಳೆದಂತೆ ಬದಲಾಗುವ ಲೆಕ್ಕಕ್ಕೆ ಗೆರೆಯ ಆಲೇಖ ಕಲಿಸಬೇಕಿತ್ತು. ಹೆಡ್‌ಮಾಸ್ತರರ ಕೋಣೆಯಲ್ಲಿ ಆರೋಗ್ಯ ತಪಾಸಣೆಯವರು ಬಿಟ್ಟುಹೋದ ಒಂದು ತೂಕದ ಯಂತ್ರವಿತ್ತು. ಮಕ್ಕಳು ಅದಕ್ಕೆ ಕಾಟಾ ಎನ್ನುತ್ತಿದ್ದರು. ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ಒಬ್ಬೊಬ್ಬರೇ ಹೋಗಿ ಅದರ ಮೇಲೆ ನಿಲ್ಲುವುದು, ತಮ್ಮ ತೂಕ ತಾವೇ ಓದಿ ತಮ್ಮ ಪುಸ್ತಕದಲ್ಲಿ ಬರೆದು ಚುಕ್ಕೆ ಇಡುವುದು, ಇಡೀ ತರಗತಿಯ ಸರಾಸರಿಯನ್ನು ಮಾತ್ರ ವರಾಂಡದ ಫರ್ಸಿಯ ಮೇಲೆ ಗುರುತಿಸುವುದು ಎಂದು ಗೊತ್ತು ಮಾಡಿದೆ. ಬೆಳೆಯುವ ವಯಸ್ಸಿನ ಮಕ್ಕಳು, ಗೆರೆ ಮೇಲೇರುತ್ತದೆ, ನೋಡಲು ಚೆನ್ನಾಗಿರುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಮೂರನೆಯ ವಾರ ಹೆಡ್‌ಮಾಸ್ತರರು ಕರೆದು, ಫರ್ಸಿಯ ಆಲೇಖದ ಸುದ್ದಿ ಮೀಟಿಂಗಿನಲ್ಲಿ ಹೇಳಿದ್ದಾಗಿಯೂ ಮೇಲಿನ ಅಧಿಕಾರಿ ಅದನ್ನು ನೋಡಲು ಬರುವುದಾಗಿಯೂ ತಿಳಿಸಿದರು. ಅಲ್ಲಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹಿಂದಿನ ಶಾಲೆಯಲ್ಲಿ ಒಬ್ಬ ಅಧಿಕಾರಿ ನನ್ನನ್ನು ಮಕ್ಕಳ ಎದುರಿಗೇ ನಿಲ್ಲಿಸಿ, ಬೋರ್ಡಿನ ಮೇಲಿನ ಒಂದು ತಪ್ಪಿಗಾಗಿ ಹತ್ತು ನಿಮಿಷ ಬೈದಿದ್ದರು. ಆ ದಿನ ಕೈಯಲ್ಲಿದ್ದ ಸೀಮೆಸುಣ್ಣ ಬೆವರಿನಿಂದ ಮೆತ್ತಗಾಗಿದ್ದು ನನಗೆ ಇನ್ನೂ ನೆನಪಿತ್ತು. ಈ ಸಲ ಒಂದೂ ತಪ್ಪಿರಬಾರದು ಎಂದು ಪುಸ್ತಕಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದೆ.

ಆ ಹುಡುಗಿಯ ಸರದಿ ಬಂತು. ಮೊದಲ ವಾರ ಮೂವತ್ತೆಂಟು ಕಿಲೋ, ಎರಡನೆಯ ವಾರ ಮೂವತ್ತೆಂಟೂವರೆ. ಮೂರನೆಯ ಚುಕ್ಕೆ ಮೂವತ್ತೇಳಕ್ಕೆ ಇಳಿದಿತ್ತು.

"ಇದೇನಿದು? ಮೂವತ್ತೆಂಟೂವರೆ ಇದ್ದದ್ದು ಮೂವತ್ತೇಳು ಹ್ಯಾಂಗಾಗ್ತದ?"

"ಕಾಟಾದಾಗ ಹಂಗೇ ಬಂತ್ರಿ ಟೀಚರ್."

"ಸರಿ ನಿಂತಿಲ್ಲ ನೀ. ಒಂದು ಕಾಲು ಹೊರಗ ಇಟ್ಟಿರ್ತಿ. ಎಲ್ಲಾರ್ದೂ ಮ್ಯಾಲ ಹೋಗ್ಲತ್ತದ, ನಿಂದೊಂದೇ ಕೆಳಗ ಬರ್ತದೇನು? ಅಳಿಸಿ ಸರಿ ಮಾಡಿ ತಾ."

ಅವಳು ಒಂದು ಕ್ಷಣ ಪುಸ್ತಕ ನೋಡಿದಳು. "ಹೂಂ ರಿ" ಎಂದು ತೆಗೆದುಕೊಂಡು ಹೋದಳು. ಐದು ನಿಮಿಷದಲ್ಲಿ ತಂದಳು. ಚುಕ್ಕೆ ಮೂವತ್ತೊಂಬತ್ತರಲ್ಲಿತ್ತು. ನಾನು ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದೆ. ಮರುವಾರದಿಂದ ಅವಳ ಗೆರೆ ಉಳಿದವರಿಗಿಂತ ನೆಟ್ಟಗೆ ಏರಿತು.

ಅದೇ ದಿನಗಳಲ್ಲಿ ಅವಳು ಪಾಠದ ನಡುವೆ ಎದ್ದೆದ್ದು ನಿಲ್ಲುತ್ತಿದ್ದಳು. "ಹೊರಗ ಹೋಗಿ ಬರ್ತೀನ್ರಿ." ಒಂದು ಸಲ, ಎರಡು ಸಲ, ಮೂರನೆಯ ಸಲಕ್ಕೆ ನಾನು ಬೈದೆ. ಬೆಂಚಿನ ಕೆಳಗೆ ದೊಡ್ಡ ಬಾಟಲಿ ಇಟ್ಟುಕೊಂಡು ಬಾಗಿ ಬಾಗಿ ನೀರು ಕುಡಿಯುತ್ತಿದ್ದಳು. ಬಿಸಿಲು ಜಾಸ್ತಿ ಅಂದುಕೊಂಡೆ. ಇವೆಲ್ಲ ನನ್ನ ಕಣ್ಣೆದುರೇ ನಡೆದವು. ನಾನು ನೋಡುತ್ತಿದ್ದದ್ದು ಫರ್ಸಿಯ ಮೇಲಿನ ಸರಾಸರಿಯನ್ನು. ಅದು ಪ್ರತಿವಾರ ಏರುತ್ತಿತ್ತು.

ಅಧಿಕಾರಿ ಬಂದದ್ದು ಒಂದು ಬುಧವಾರ. ವರಾಂಡದ ಆಲೇಖ ನೋಡಿದರು, ಮಕ್ಕಳಿಂದ ವಿವರಣೆ ಕೇಳಿದರು, ಮೇಜಿನ ಮೇಲಿನ ಪುಸ್ತಕಗಳಲ್ಲಿ ಒಂದನ್ನು ಎತ್ತಿಕೊಂಡರು. ಅದು ಅವಳದೇ. ಎಷ್ಟು ಶುದ್ಧವಾದ ಗೆರೆ ಎಂದು ತೆಲುಗಿನಲ್ಲಿ ಹೊಗಳಿ, ಯಾರದು ಎಂದು ಕೇಳಿದರು. ಅವಳು ಎದ್ದು ನಿಂತಳು. ಎರಡು ಕೈಯಿಂದಲೂ ಮುಂದಿನ ಬೆಂಚು ಹಿಡಿದುಕೊಂಡಿದ್ದಳು. ಸಂಕೋಚ ಇರಬೇಕು ಎಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಗುರುವಾರ ಅವಳು ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಶನಿವಾರ ಬೆಳಗ್ಗೆ ಹೆಡ್‌ಮಾಸ್ತರರು, ಅಧಿಕಾರಿ ಮೆಚ್ಚಿದ ಆ ಪುಟದ ಫೋಟೋ ಕಳಿಸಬೇಕಂತೆ, ತೆಗೆದುಕೊಡಿ ಎಂದರು. ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಪುಸ್ತಕ ಬಿಡಿಸಿಟ್ಟು ಫೋನು ಹಿಡಿದೆ. ಬಿಸಿಲು ಹಾಳೆಯ ಮೇಲೆ ಅಡ್ಡವಾಗಿ ಬೀಳುತ್ತಿತ್ತು. ಗೆರೆಯ ಕೆಳಗೆ ಹಾಳೆ ಅಲ್ಲಲ್ಲಿ ಮಾಸಿದ್ದು ಕಾಣಿಸಿತು. ಬಗ್ಗಿ ನೋಡಿದೆ. ರಬ್ಬರಿನಿಂದ ಉಜ್ಜಿದ ಕಡೆಯಲ್ಲೆಲ್ಲ ಪೆನ್ಸಿಲ್ಲಿನ ತುದಿ ಒತ್ತಿದ ಸಣ್ಣ ತಗ್ಗುಗಳಿದ್ದವು. ಮೂರನೆಯ ವಾರದಿಂದ ಪ್ರತಿ ವಾರಕ್ಕೂ ಒಂದೊಂದು. ಅವಳು ಪ್ರತಿ ಸೋಮವಾರ ಮೊದಲು ನಿಜವಾದ ಚುಕ್ಕೆ ಇಟ್ಟು, ಆಮೇಲೆ ಅದನ್ನು ಅಳಿಸಿ, ನನಗೆ ಬೇಕಾದ ಚುಕ್ಕೆ ಇಟ್ಟಿದ್ದಳು.

ನಾನು ಫೋನು ಕೆಳಗಿಟ್ಟು ಪೆನ್ಸಿಲು ತೆಗೆದುಕೊಂಡೆ. ಮೂವತ್ತೇಳು. ಮೂವತ್ತಾರು. ಮೂವತ್ತೈದು. ಮೂವತ್ಮೂರೂವರೆ. ಕೊನೆಯದು, ಅಧಿಕಾರಿ ಬರುವ ಎರಡು ದಿನ ಮುಂಚಿನದು, ಮೂವತ್ತೆರಡು. ಚುಕ್ಕೆಗಳನ್ನು ಅಳತೆಪಟ್ಟಿಯಿಲ್ಲದೆ ಸೇರಿಸಿದೆ, ಗೆರೆ ಸೊಟ್ಟಗಾಯಿತು. ಒಂದು ಮಗು ಐದಾರು ವಾರದಲ್ಲಿ ನನ್ನ ಎದುರಿಗೆ ಕರಗಿ ಹೋಗಿತ್ತು. ಅದನ್ನು ಅವಳು ಬರೆದು ತೋರಿಸಿದ್ದಳು. ಅಳಿಸು ಎಂದವಳು ನಾನು.

ಅವಳ ಜೊತೆ ಬರುತ್ತಿದ್ದ ಹುಡುಗಿಯನ್ನು ಕರೆದು ಕೇಳಿದೆ.

"ಅಕಿಗಿ ಆರಾಮಿಲ್ರಿ ಟೀಚರ್. ನಿನ್ನಿಯಿಂದ ವಾಂತಿ ಮಾಡ್ಕೊಳ್ಳಲತ್ತಾಳ. ಊರಾಗಿನ ಡಾಕ್ಟರ್ ಬಂದು ಗ್ಲೂಕೋಸ್ ಹಚ್ಯಾನ."

ಆಗಲೇ ಎದ್ದು ಓಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಓಡಲಿಲ್ಲ. ಹೋದರೆ ಪುಸ್ತಕದ ವಿಷಯ ಬರುತ್ತದೆ, ಯಾರು ಅಳಿಸಲು ಹೇಳಿದರು ಎಂಬ ಮಾತು ಬರುತ್ತದೆ, ಅಧಿಕಾರಿಯವರೆಗೂ ಮುಟ್ಟುತ್ತದೆ. ಗಂಟೆ ಹೊಡೆಯಿತು. ನಾನು ಎಂಟನೆಯ ತರಗತಿಗೆ ಹೋಗಿ ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದೆ. ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಆ ನಲವತ್ತೈದು ನಿಮಿಷಗಳನ್ನು ನಾನು ಇವತ್ತಿನವರೆಗೂ ಯಾರ ಮುಂದೆಯೂ ಹೇಳಿರಲಿಲ್ಲ.

ಪೀರಿಯಡ್ ಮುಗಿದ ಮೇಲೆ ಹೆಡ್‌ಮಾಸ್ತರರ ಬಳಿ ಹೋಗಿ ಹೊರಡುತ್ತೇನೆಂದೆ.

"ಸೋಮಾರ ನೋಡೋಣಲ್ರಿ. ಮನಿಯವ್ರು ಅದಾರ, ಡಾಕ್ಟರ್ ನೋಡ್ಯಾನ."

"ಸೋಮಾರದ ತನಕ ನನಗ ತಡಿಯಾಕ ಆಗಂಗಿಲ್ರಿ ಸಾರ್" ಎಂದೆ. ನನ್ನ ಮುಖ ನೋಡಿ ಅವರು ತಾವೇ ಒಂದು ಆಟೋ ಕರೆಸಿದರು.

ಹೊಲದ ಅಂಚಿನ ಒಂದೇ ಕೋಣೆಯ ಮನೆ. ಹುಡುಗಿ ಮಂಚದ ಮೇಲಿದ್ದಳು. ಕಿಟಕಿಯ ಸರಳಿಗೆ ಕಟ್ಟಿದ ಬಾಟಲಿಯಿಂದ ಹನಿ ಇಳಿಯುತ್ತಿತ್ತು. ಮೊದಲು ನನಗೆ ಕೇಳಿಸಿದ್ದು ಅವಳ ಉಸಿರು. ಓಡಿ ಬಂದವರ ಹಾಗೆ ಆಳವಾಗಿ, ಬಿಡುವಿಲ್ಲದೆ ಎಳೆಯುತ್ತಿದ್ದಳು, ಮಲಗಿದಲ್ಲೇ. ಹತ್ತಿರ ಹೋದಾಗ ಬಾಯಿಂದ ಮಾಗಿ ಕೆಟ್ಟ ಹಣ್ಣಿನ ವಾಸನೆ ಬಂತು. ತಾಯಿ ತಲೆಯ ಹತ್ತಿರ ಲೋಟ ಹಿಡಿದು ಕೂತಿದ್ದಳು.

"ನೀರಡಿಕಿ ನೀರಡಿಕಿ ಅಂತಾಳ್ರಿ ಟೀಚರಮ್ಮ. ತಾಕತ್ ಬರ್ಲಿ ಅಂತ ಸಕ್ಕರಿ ಹಾಕಿ ಲಿಂಬಿ ಶರಬತ್ ಕೊಡ್ಲತ್ತೀನಿ. ನಿಲ್ಲಂಗಿಲ್ಲ, ಕಕ್ಕಿಬಿಡ್ತಾಳ."

ನಾನು ತಂದಿದ್ದ ಪುಸ್ತಕ ಬಿಚ್ಚಿ ತಾಯಿಯ ಮುಂದೆ ಹಿಡಿದೆ. ಅವಳಿಗೆ ಓದಲು ಬಾರದು ಎಂಬುದು ಆಮೇಲೆ ನೆನಪಾಯಿತು. ಮೇಲೇರಿದ ಗೆರೆಯನ್ನು ಬೆರಳಿನಿಂದ ಮುಚ್ಚಿ, ನಾನು ಎಳೆದ ಸೊಟ್ಟ ಗೆರೆಯನ್ನು ತೋರಿಸಿದೆ.

"ಇದು ಇಕಿ ತೂಕ. ವಾರಾ ವಾರಾ ಇಳದದ."

ಅವಳು ಗೆರೆಯ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ನೋಡಿದಳು. ಇನ್ನೊಂದು ಸಲ ಹೇಳಬೇಕಾಗಲಿಲ್ಲ.

"ಸಲ್ವಾರದ ಲಾಡಿ ಮೂರು ಸಲ ಬಿಗದು ಕಟ್ಟೀನ್ರಿ" ಎಂದಳು ಮೆಲ್ಲಗೆ. "ಎತ್ತರ ಆಗ್ಲತ್ತಾಳ, ಅದಕ್ಕ ಸಣ್ಣ ಆಗ್ಯಾಳ ಅಂದ್ಕೊಂಡೆ."

"ದೊಡ್ಡ ದವಾಖಾನಿಗಿ ಹೋಗೋಣ ನಡೀರಿ. ಈಗ್ಲೇ."

"ಇವ್ರು ಕಬ್ಬಿನ ಗಾಡಿ ಸಂಗಾಟ ಹೋಗ್ಯಾರ್ರಿ. ಬಾಟ್ಲಿ ಇನ್ನಾ ಮುಗದಿಲ್ಲ."

ಬಾಟಲಿಯನ್ನು ಮುಟ್ಟಲು ನನಗೂ ಧೈರ್ಯವಿರಲಿಲ್ಲ. ಊರಿನ ಡಾಕ್ಟರು ಫೋನು ಎತ್ತಲಿಲ್ಲ. ಕೊನೆಗೆ ಆಶಾ ಕಾರ್ಯಕರ್ತೆಯನ್ನು ಕರೆಸಿದೆವು. ಅವಳು ಹುಡುಗಿಯ ಉಸಿರು ನೋಡಿದವಳೇ ಸೂಜಿ ತೆಗೆದು ಹತ್ತಿ ಒತ್ತಿದಳು. ಆಟೋದಲ್ಲಿ ತಾಯಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಳು. ನಾನು ಕಾಲು ಹಿಡಿದುಕೊಂಡೆ. ಪಾದ ತಣ್ಣಗಿತ್ತು. ಜಹೀರಾಬಾದ್ ಇಷ್ಟು ದೂರ ಎಂದು ಅಲ್ಲಿಯವರೆಗೆ ನನಗೆ ಅನಿಸಿರಲೇ ಇಲ್ಲ. ರೈಲ್ವೆ ಗೇಟು ಹಾಕಿರಬಾರದು ಎಂದು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ.

ದವಾಖಾನೆಯಲ್ಲಿ ಇದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವರು ಕೇಳಿದ ಮೊದಲ ಪ್ರಶ್ನೆ ಎಷ್ಟು ದಿನದಿಂದ ಎಂದು. ತಾಯಿ ಮೂರು ದಿನ ಎಂದಳು. ನಾನು ಪುಸ್ತಕ ಕೊಟ್ಟು, ಆರು ವಾರ ಎಂದೆ. ಅವರು ಹಾಳೆಯನ್ನು ಒಂದೇ ನೋಟ ನೋಡಿ, ಬಹಳ ನೀರು ಕುಡಿಯುತ್ತಿದ್ದಳೇ, ಮೇಲಿಂದ ಮೇಲೆ ಹೊರಗೆ ಹೋಗುತ್ತಿದ್ದಳೇ ಎಂದು ತೆಲುಗಿನಲ್ಲಿ ಕೇಳಿದರು. ನಾನು ಹೌದು ಎನ್ನುವಷ್ಟರಲ್ಲಿ ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಸಣ್ಣ ಯಂತ್ರಕ್ಕೆ ಮುಟ್ಟಿಸಿದ್ದರು.

ಯಂತ್ರದಲ್ಲಿ ಅಂಕಿ ಬರಲಿಲ್ಲ. ಇಂಗ್ಲಿಷಿನ ಎರಡು ಅಕ್ಷರ ಬಂದವು. ಕೆಟ್ಟಿದೆಯೇ ಎಂದು ಕೇಳಿದೆ. ಕೆಟ್ಟಿಲ್ಲ, ಸಕ್ಕರೆ ಎಷ್ಟಿದೆಯೆಂದರೆ ಯಂತ್ರದ ಅಳತೆಗೆ ಮೀರಿದೆ ಎಂದರು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಇದು, ದೇಹದಲ್ಲಿ ಇನ್ಸುಲಿನ್ ಹುಟ್ಟುವುದು ನಿಂತುಹೋಗಿದೆ, ರಕ್ತ ಆಮ್ಲವಾಗುತ್ತಿದೆ ಎಂದರು. ಗ್ಲೂಕೋಸ್ ಮತ್ತು ಶರಬತ್ತಿನ ವಿಷಯ ಕೇಳಿ ಕಣ್ಣು ಮುಚ್ಚಿ ತೆರೆದರು, ತಾಯಿಯನ್ನು ಬೈಯಲಿಲ್ಲ. ಸಕ್ಕರೆಯಿಲ್ಲದ ಉಪ್ಪುನೀರಿನ ಬಾಟಲಿ ಹಚ್ಚಿ, ಇನ್ಸುಲಿನ್ ಶುರು ಮಾಡಿ, ಆಂಬುಲೆನ್ಸಿನಲ್ಲಿ ಜಿಲ್ಲಾ ದವಾಖಾನೆಗೆ ಕಳಿಸಿದರು. ಹತ್ತುವಾಗ ನನ್ನನ್ನು ಪಕ್ಕಕ್ಕೆ ಕರೆದು, ನಾಳೆ ಬೆಳಗಾಗುವವರೆಗೆ ಏನೂ ಹೇಳಲಾಗದು ಎಂದರು.

ಹೆದ್ದಾರಿಯ ಮೇಲೆ ಇಳಿಹೊತ್ತಿನ ಬಿಸಿಲಿನಲ್ಲಿ ಆಂಬುಲೆನ್ಸ್ ಓಡುತ್ತಿತ್ತು. ಅವಳ ಕಣ್ಣುಗಳು ಅರೆ ಮುಚ್ಚಿದ್ದವು. ಕೈಗಡಿಯಾರ ನೋಡುತ್ತ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತ ಹೋದೆ. ಎಣಿಸುವುದೊಂದೇ ನನಗೆ ಬರುವ ಕೆಲಸ. ನಡುವೆ ಒಂದು ಉಸಿರು ತಡವಾಯಿತು. ಎಣಿಕೆ ತಪ್ಪಿ, ನಾನು ಅವಳ ಭುಜ ಹಿಡಿದು ಅಲ್ಲಾಡಿಸಿದೆ. ಜೊತೆಗಿದ್ದ ಸಿಬ್ಬಂದಿ ನನ್ನ ಕೈ ಬಿಡಿಸಿದ. ಅವಳು ಮತ್ತೆ ಉಸಿರು ಎಳೆದಳು.

ಜಿಲ್ಲಾ ದವಾಖಾನೆಯಲ್ಲಿ ಅವಳನ್ನು ಒಳಗೆ ಒಯ್ದರು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ತಂದೆ ಬಂದ, ಕಬ್ಬಿನ ಒಣಗರಿಯ ರವದಿ ಅಂಗಿಗೆ ಇನ್ನೂ ಅಂಟಿತ್ತು. ಬಾಗಿಲು ತೆರೆದಾಗಲೆಲ್ಲ ಮೂವರೂ ಎದ್ದು ನಿಲ್ಲುತ್ತಿದ್ದೆವು. ರವಿವಾರ ಮಧ್ಯಾಹ್ನದ ಹೊತ್ತಿಗೆ ನರ್ಸು ಬಂದು, ಎಚ್ಚರವಾಗಿದ್ದಾಳೆ, ಹೆಸರು ಕೇಳಿದರೆ ಹೇಳಿದಳು ಎಂದಳು. ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು.

"ನೀವ್ ಬಂದಿದ್ದಿಲ್ಲಂದ್ರ ನನ್ನ ಮಗಳು ಉಳೀತಿದ್ದಿಲ್ರಿ."

ನಾನು ಕೈ ಬಿಡಿಸಿಕೊಂಡು ನೀರು ತರುತ್ತೇನೆಂದು ಹೊರಗೆ ಹೋದೆ.

ನಾಲ್ಕು ದಿನ ಕಳೆದು ಮತ್ತೆ ಹೋದಾಗ ಅವಳನ್ನು ವಾರ್ಡಿಗೆ ತಂದಿದ್ದರು. ತಾಯಿ ಬುತ್ತಿಯ ಡಬ್ಬಿ ತೊಳೆಯಲು ಹೋಗಿದ್ದಳು. ಅವಳ ಪಕ್ಕ ಕೂತು, ಅಳಿಸಿದ್ದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ ಮೇಲೆ ಆ ಪ್ರಶ್ನೆಗೇ ನಾಚಿಕೆಯಾಯಿತು.

"ನೀವೇ ಅಳಿಸು ಅಂದಿದ್ರಲ್ರಿ" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. "ಕಾಟಾ ಖರೇನೇ ಹೇಳ್ಲತ್ತದ ಅಂತ ನನಗ ಗೊತ್ತಿತ್ರಿ. ಸೋಮಾರ ಬಂತಂದ್ರ ಅದರ ಮ್ಯಾಲ ನಿಲ್ಲಾಕ ಅಂಜಿಕಿ ಆಗ್ತಿತ್ತು. ಖರೇ ಚುಕ್ಕಿ ಒಂದ್ಸಲ ಇಟ್ಟು ನೋಡ್ತಿದ್ದೆ. ಆಮ್ಯಾಲ ಅಳಿಸ್ತಿದ್ದೆ. ಆಫೀಸರ್ ಬರೋದಿತ್ತು, ನಿಮಗ ಬೈತಾರ ಅಂತ."

ನನ್ನ ಹೆದರಿಕೆ ಅವಳಿಗೆ ಕಂಡಿತ್ತು. ಅವಳದು ನನಗೆ ಕಂಡಿರಲಿಲ್ಲ.

ಆ ದಿನವೇ ತಂದೆ ತಾಯಿ ಇಬ್ಬರನ್ನೂ ಕೂರಿಸಿಕೊಂಡು ಪುಸ್ತಕದ ವಿಷಯ ಹೇಳಿದೆ. ಮೂರನೆಯ ವಾರದಲ್ಲೇ ಅವಳು ತೋರಿಸಿದ್ದಳು, ನಾನೇ ಅಳಿಸಲು ಹೇಳಿದೆ ಎಂದೆ. ತಾಯಿ ಸೆರಗಿನ ಅಂಚು ಹಿಡಿದು ನೆಲ ನೋಡುತ್ತಿದ್ದಳು. ತಂದೆ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಇನ್ನೊಬ್ರ ಕೂಸಿಗಿ ಹಂಗ ಮಾಡಬ್ಯಾಡ್ರಿ" ಎಂದ. ಅಷ್ಟೇ. ಎದ್ದು ಮಗಳ ಹತ್ತಿರ ಹೋದ.

ಒಂದು ತಿಂಗಳ ಮೇಲೆ ಅವಳು ಶಾಲೆಗೆ ಬಂದಳು. ಹೆಡ್‌ಮಾಸ್ತರರ ಕೋಣೆಯ ಮಡಕೆಯಲ್ಲಿ ಅವಳ ಔಷಧಿಯ ಸೀಸೆ ತಂಪಾಗಿರಲು ಜಾಗ ಮಾಡಿದೆವು. ಊಟಕ್ಕೆ ಮುಂಚೆ ಬೆರಳು ಚುಚ್ಚಿ ನೋಡಿ, ತಾನೇ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದನ್ನು ಕಲಿತಿದ್ದಳು. ದಿನದ ಸಕ್ಕರೆಯ ಲೆಕ್ಕ ಬರೆದಿಟ್ಟುಕೊಳ್ಳಲು ಡಾಕ್ಟರಮ್ಮ ಹೇಳಿದ್ದರು. ಅವಳು ಅದಕ್ಕೆ ಗ್ರಾಫ್ ಪುಸ್ತಕವನ್ನೇ ಇಟ್ಟುಕೊಂಡಳು. ಮೇಲೊಂದು ಗೆರೆ, ಕೆಳಗೊಂದು ಗೆರೆ, ಚುಕ್ಕೆ ಅವೆರಡರ ನಡುವೆ ಇರಬೇಕು. ಇರುತ್ತಿರಲಿಲ್ಲ, ಮೇಲಕ್ಕೆ ಹಾರುತ್ತಿತ್ತು, ಕೆಳಕ್ಕೆ ಬೀಳುತ್ತಿತ್ತು. ಒಂದು ದಿನ ಲೆಕ್ಕ ಮಾಡುತ್ತಿದ್ದವಳು ಸಕ್ಕರೆ ತೀರಾ ಇಳಿದು ಬೆವೆತು ನಡುಗತೊಡಗಿದಳು. ಚೀಲದಲ್ಲಿದ್ದ ಸಕ್ಕರೆಯನ್ನು ಗೆಳತಿಯರೇ ಅವಳ ಬಾಯಿಗೆ ಹಾಕಿದರು. ನಾನು ಬೋರ್ಡಿನ ಹತ್ತಿರವೇ ನಿಂತಿದ್ದೆ. ಸುಧಾರಿಸಿಕೊಂಡ ಮೇಲೆ ಅವಳು ಮಾಡಿದ ಮೊದಲ ಕೆಲಸ ಪುಸ್ತಕ ತೆಗೆದು ಕೆಳಗಿನ ಗೆರೆಗಿಂತ ಕೆಳಗೆ ಒಂದು ಚುಕ್ಕೆ ಇಟ್ಟದ್ದು.

ಅಲ್ಲಿಂದ ನನ್ನ ತರಗತಿಯಲ್ಲಿ ಗ್ರಾಫ್ ಪುಸ್ತಕಕ್ಕೆ ರಬ್ಬರು ಮುಟ್ಟಿಸುವಂತಿಲ್ಲ. ತಪ್ಪೆನಿಸಿದರೆ ಸುತ್ತ ಒಂದು ಗೋಲ ಹಾಕಿ, ಯಾಕೆ ತಪ್ಪೆನಿಸಿತು ಎಂದು ಪಕ್ಕದಲ್ಲಿ ಬರೆಯಬೇಕು. ಸಾಲಿನಿಂದ ಹೊರಬಿದ್ದ ಚುಕ್ಕೆ ಕಂಡರೆ ಮೊದಲು ಆ ಮಗುವಿನ ಮುಖ ನೋಡುತ್ತೇನೆ. ಹೆಚ್ಚಿನ ಸಲ ಅದು ಬರೀ ಓದುವ ತಪ್ಪೇ ಆಗಿರುತ್ತದೆ. ಆದರೂ ಮರುದಿನ ಆ ಮಗು ಶಾಲೆಗೆ ಬಂದಿದೆಯೇ ಎಂದು ಹಾಜರಿಗೆ ಮುಂಚೆಯೇ ಬೆಂಚಿನ ಕಡೆ ನೋಡುತ್ತೇನೆ.

ಈಗ ನನಗೆ ತಾಂಡೂರಿಗೆ ವರ್ಗವಾಗಿದೆ. ಆ ಹುಡುಗಿ ಹತ್ತನೆಯದು ಮುಗಿಸಿ ಜಹೀರಾಬಾದಿನ ಕಾಲೇಜಿಗೆ ಸೇರಿದ್ದಾಳೆ. ಹೋದ ವಾರ ಶಾಲೆ ಬಿಡುವ ಹೊತ್ತಿನಲ್ಲಿ ಅವಳ ತಾಯಿಯ ನಂಬರಿನಿಂದ ಫೋನು ಬಂತು. ಎತ್ತಿ ಹಲೋ ಎನ್ನುವ ಮುಂಚೆ, "ಸಕ್ಕರಿ ಎಷ್ಟದ ಇವತ್ತು?" ಎಂದೆ.

"ಟೀಚರ್, ನಾ ಪರೀಕ್ಷಾ ಪಾಸಾಗೀನಂತ ಹೇಳಾಕ ಮಾಡೀನ್ರಿ."

"ಅದಿರ್ಲಿ, ಮೊದಲು ಎಷ್ಟದ ಹೇಳು."

ಅವಳು ಅಂಕಿ ಹೇಳಿದಳು. ಗೆರೆಗಳ ನಡುವೆಯೇ ಇತ್ತು. ಆಮೇಲೆ ನಾನು ಪರೀಕ್ಷೆಯ ಸುದ್ದಿ ಕೇಳಿದೆ.